ಕಾಲವನ್ನರಿತ ಕಾಯಕ

(ಶ್ರೀಮಠದ ಮಹೋತ್ಸವದ ಕೃಷಿಗೋಷ್ಠಿಯಲ್ಲಿ, ಕೀಟಗಳನ್ನು ಅಡಗಿಸುವ ಬೂಷ್ಟುಗಳ ಮೇಲೆ ಉಷ್ಣತೆಯ ಪ್ರಭಾವವನ್ನು ಕುರಿತು ಮಾಡಿದ ಉಪನ್ಯಾಸ)

 

ಮಹೋತ್ಸವದ ಈ ಶುಭಕಾಲದಲ್ಲಿ ಅನುಭಾವವನ್ನೂ ಶಾಸ್ತ್ರವನ್ನೂ ಕುರಿತು ಘನವಾದ ಉಪನ್ಯಾಸಗಳು ನಡೆಯುತ್ತಲಿರುವಾಗ, ಹೊಲದ ಕೀಡೆಯ ಮೈಮೇಲೆ ಬೆಳೆಯುವ ಬೂಷ್ಟಿನ ಮಾತನ್ನು ಎತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ದಾಸೋಹದ ಪಂಕ್ತಿಯಲ್ಲಿ ಬಡಿಸುವ ಅನ್ನವು ಹೊಲದಿಂದಲೇ ಬರತಕ್ಕದ್ದು. ಆ ಹೊಲದಲ್ಲಿ ದುಡಿಯುವ ಒಕ್ಕಲಿಗನ ಕಾಯಕವು ಕೆಟ್ಟರೆ ದಾಸೋಹವೂ ಕೆಡುವುದು. ಆದುದರಿಂದ ಒಕ್ಕಲುತನಕ್ಕೆ ಸಂಬಂಧಿಸಿದ ಯಾವ ವಿಚಾರವೂ ಮಠದ ಅಂಗಳಕ್ಕೆ ಹೊರಗಿನದಲ್ಲ.

ಈಗಿನ ಕಾಲದಲ್ಲಿ ವಿಷೌಷಧಗಳನ್ನು ಬಿಟ್ಟು, ಕೀಟಗಳಿಗೆ ರೋಗ ತರುವ ಬೂಷ್ಟಿನ ಪುಡಿಯನ್ನು ಬಳಸಬೇಕೆಂದು ಬಲ್ಲವರು ಹೇಳುತ್ತಿರುವರು. ಒಕ್ಕಲಿಗನು ನಂಬಿ ಕೊಂಡು ತರುವನು; ಬಿಸಿಲೇರಿದ ಹೊತ್ತಿನಲ್ಲಿ ಸಿಂಪಡಿಸುವನು; ಮೂರನೆಯ ದಿನ ಹೊಲಕ್ಕೆ ಹೋಗಿ ನೋಡಿದರೆ ಕೀಡೆಗಳು ಎಲೆಯನ್ನು ಮೊದಲಿನಂತೆಯೇ ಮೇಯುತ್ತಿರುವುವು. ಆಗ ಅವನು “ಇದು ಬರಿಯ ಬೂದಿ” ಎಂದು ನಿಶ್ಚಯಿಸಿ, ಮೊದಲಿಗಿಂತಲೂ ಕ್ರೂರವಾದ ವಿಷವನ್ನು ಹುಡುಕಿಕೊಂಡು ಹೋಗುವನು. ಹೀಗೆ ಒಂದು ಸಲ ಹೋದ ನಂಬಿಗೆಯು ಮರಳಿ ಬರುವುದು ಕಷ್ಟ. ಇಲ್ಲಿ ತಪ್ಪು ಯಾರದು? ಬೂಷ್ಟಿನದಲ್ಲ, ಒಕ್ಕಲಿಗನ ಶ್ರದ್ಧೆಯದೂ ಅಲ್ಲ. ಆ ಬೂಷ್ಟು ಒಂದು ಜೀವವೆಂಬುದನ್ನೂ, ಜೀವವಾದುದರಿಂದ ಅದಕ್ಕೆ ಹಿತವಾದ ಉಷ್ಣ, ಅಹಿತವಾದ ಉಷ್ಣ ಎಂಬ ಭೇದವುಂಟೆಂಬುದನ್ನೂ ಅವನಿಗೆ ಯಾರೂ ತಿಳಿಯಹೇಳದಿರುವುದೇ ತಪ್ಪು. ಅದನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಈ ವಿದ್ಯೆಯ ಮೂಲವನ್ನು ನೋಡಬೇಕು. ಇಟಲಿ ದೇಶದ ಲೋದಿ ಎಂಬ ಊರಿನ ಸೀಮೆಯಲ್ಲಿ ಅಗಸ್ಟಿನೋ ಬಾಸಿ ಎಂಬ ಪಂಡಿತನು 1773 ರಲ್ಲಿ ಜನಿಸಿದನು. ಆಗ ಆ ದೇಶದ ರೇಷ್ಮೆಹುಳುಗಳಿಗೆ ಒಂದು ಮಾರಿಯಂಥ ರೋಗವು ತಗುಲಿತ್ತು. ಸತ್ತ ಹುಳುವು ಕೊಳೆಯದೆ ಗಟ್ಟಿಯಾಗಿ, ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು. ಆದ್ದರಿಂದ ಅಲ್ಲಿಯ ಜನರು ಸುಣ್ಣವೆಂಬ ಅರ್ಥದ ಮಾತಿನಿಂದಲೇ ಅದನ್ನು ಕಾಲ್ಚಿನೋ ಎಂದು ಕರೆದರು. ಈ ನಾಡಿನ ರೇಷ್ಮೆಯ ಒಕ್ಕಲಿಗರೂ ಅದೇ ರೋಗವನ್ನು ಸುಣ್ಣಕಟ್ಟು ರೋಗವೆಂದೇ ಕರೆಯುವರು. ಒಬ್ಬರನ್ನೊಬ್ಬರು ಕಂಡರಿಯದ ಎರಡು ನಾಡಿನ ಜನರ ಕಣ್ಣಿಗೆ ಒಂದೇ ಹೋಲಿಕೆ ಹೊಳೆದುದು ಗಮನಿಸತಕ್ಕ ಸಂಗತಿಯು.

ಬಾಸಿಯು 1807 ರಿಂದ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಈ ರೋಗದ ಬೆನ್ನುಹತ್ತಿದನು. ಹವೆಯ ದೋಷದಿಂದಲೋ ಮೇವಿನ ದೋಷದಿಂದಲೋ ರೋಗವು ತಾನಾಗಿಯೇ ಹುಟ್ಟುವುದೆಂದು ಆಗಿನವರು ನಂಬಿದ್ದರು. ಬಾಸಿಯು ಅನೇಕ ವಿಫಲ ಪ್ರಯತ್ನಗಳ ತರುವಾಯ, ಸತ್ತ ಹುಳುವಿನ ಮೈಮೇಲಿನ ಆ ಬಿಳಿಯ ಹುಡಿಯೇ ರೋಗದ ಬೀಜವೆಂದೂ, ಅದೊಂದು ಸಜೀವವಾದ ಬೂಷ್ಟೆಂದೂ ಸಿದ್ಧಪಡಿಸಿ, 1835 ರಲ್ಲಿ ಗ್ರಂಥರೂಪದಿಂದ ಪ್ರಕಟಿಸಿದನು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯು ಪ್ರಾಣಿಗೆ ರೋಗ ತರಬಲ್ಲದೆಂಬುದಕ್ಕೆ ಇದೇ ಮೊದಲ ಪ್ರಮಾಣವೆಂದು ವಿದ್ವಾಂಸರು ಒಪ್ಪುವರು. ಆ ಬೂಷ್ಟಿಗೆ ಅವನ ಹೆಸರೇ ನಿಂತು, ಇಂದಿಗೂ ಅದು ಬ್ಯುವೇರಿಯಾ ಬಾಸಿಯಾನಾ ಎನಿಸಿಕೊಳ್ಳುತ್ತಿದೆ.

ಸಾಕಿದ ಹುಳುವನ್ನು ಕೊಲ್ಲುವ ಬೂಷ್ಟು ಬೆಳೆಯ ಹಗೆಯನ್ನೂ ಕೊಲ್ಲಲಾರದೆ? ಈ ಯೋಚನೆಯನ್ನು ಕಾರ್ಯಕ್ಕೆ ತಂದವನು ಒಡೆಸ್ಸಾ ನಗರದಲ್ಲಿದ್ದ ಮೆಚ್ನಿಕಾಫನು. ಗೋಧಿಯ ಬೆಳೆಗೆ ಹತ್ತುವ ದುಂಬಿಯ ಮರಿಗಳ ಮೇಲೆ ಹಸುರು ಬಣ್ಣದ ಒಂದು ಬೂಷ್ಟನ್ನು ಕಂಡು, ಅದನ್ನು ಬೆಳೆಸಿ ಹೊಲಗಳಲ್ಲಿ ಹರಡಬಹುದೆಂದು ಅವನು 1879 ರಲ್ಲಿ ಸೂಚಿಸಿದನು. ಈಗ ಅದಕ್ಕೆ ಮೆಟಾರೈಜಿಯಂ ಎಂದು ಹೆಸರು. ಈ ಮೆಚ್ನಿಕಾಫನೇ ಮುಂದೆ 1908 ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು.

ಆದರೆ ಹೊಲದಲ್ಲಿ ಈ ವಿದ್ಯೆಯು ಒಂದೇ ತೆರನಾಗಿ ಫಲಿಸಲಿಲ್ಲ. ಅಮೇರಿಕದ ಕಾನ್ಸಾಸ್ ಪ್ರಾಂತದಲ್ಲಿ ಚಿಂಚ್ ಎಂಬ ತಿಗಣೆಯು ಬೆಳೆಯ ರಸವನ್ನು ಹೀರಿ ರೈತರನ್ನು ಹಣ್ಣುಮಾಡಿದಾಗ, ಅಲ್ಲಿಯ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ನೋ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬೂಷ್ಟು ಹಿಡಿದ ತಿಗಣೆಗಳ ಪೊಟ್ಟಣಗಳನ್ನು ಸಾವಿರಗಟ್ಟಲೆ ರೈತರಿಗೆ ಹಂಚಿದರು. ಕೆಲವರು ಕೊಂಡಾಡಿದರು, ಕೆಲವರು ಹಳಿದರು. ತರುವಾಯ ಬಿಲಿಂಗ್ಸ್ ಮತ್ತು ಗ್ಲೆನ್ ಎಂಬ ಪರೀಕ್ಷಕರು 1911 ರಲ್ಲಿ ಪ್ರಕಟಿಸಿದ ನಿರ್ಣಯದ ಸಾರಾಂಶವಿಷ್ಟು: ಬೂಷ್ಟು ಆ ಹೊಲಗಳಲ್ಲಿ ಮೊದಲೇ ಇರುವುದು, ತಕ್ಕ ತೇವದ ಹವೆಯು ಒದಗಿದಾಗ ತಾನೇ ಏಳುವುದು, ಹವೆಯು ಒದಗದಿದ್ದಾಗ ಮನುಷ್ಯನು ಹಂಚಿದ್ದೂ ನಿಷ್ಫಲವು. ಬೀಜವಿದ್ದ ಮಾತ್ರಕ್ಕೆ ಬೆಳೆ ಬಾರದು, ಹದವೂ ಬೇಕು ಎಂದು ಒಕ್ಕಲಿಗನು ಬಿತ್ತನೆಯ ವಿಷಯದಲ್ಲಿ ಬಲ್ಲ ಮಾತನ್ನೇ ಪಂಡಿತರು ಬೂಷ್ಟಿನ ವಿಷಯದಲ್ಲಿ ಬಹಳ ವ್ಯಯಮಾಡಿ ಕಲಿತರು.

ಈಗ ಹದವೆಂದರೇನೆಂಬುದನ್ನು ನೋಡುವ. ಬೂಷ್ಟಿನ ಬೀಜಕಣವು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ವಿಷವಾದರೆ ಕೀಟದ ಹೊಟ್ಟೆಗೆ ಹೋದರೂ ಮೈಗೆ ತಗುಲಿದರೂ ಗಳಿಗೆಗಳಲ್ಲಿ ಕೆಲಸ ಮಾಡಬಲ್ಲದು. ಬೀಜಕಣವು ಹಾಗಲ್ಲ. ಅದು ಮೊದಲು ಕೀಟದ ಚರ್ಮಕ್ಕೆ ಅಂಟಬೇಕು. ಅಲ್ಲಿ ತೇವವನ್ನು ಹೀರಿ ಮೊಳೆಯಬೇಕು. ಮೊಳಕೆಯು ಚರ್ಮವನ್ನು ಕರಗಿಸುವ ರಸವನ್ನು ಸುರಿಸಿ, ಒತ್ತಿ, ತೂತು ಮಾಡಿ ಒಳಹೊಗಬೇಕು. ಒಳಗಿನ ರಕ್ತದಲ್ಲಿ ಹಬ್ಬಿ ಕೀಟದ ಸತ್ವವನ್ನು ತಿನ್ನಬೇಕು. ಆಮೇಲೆ ಕೀಟವು ಸಾಯುವುದು. ಹವೆಯಲ್ಲಿ ತೇವವಿದ್ದರೆ ಹೆಣದ ಮೇಲೆ ಮತ್ತೆ ಹುಡಿ ಮೂಡಿ, ಗಾಳಿಯೊಡನೆ ಬೇರೆ ಕೀಟಗಳಿಗೆ ಹರಡುವುದು. ಮೊಳೆಯುವುದಕ್ಕೇ ಸುಮಾರು ಒಂದು ಅಹೋರಾತ್ರಿ ಬೇಕಾಗಬಹುದು. ಸಾವು ಕಾಣುವುದಕ್ಕೆ ಹಲವು ದಿನಗಳು ಹಿಡಿಯುವುವು. ಈ ಎಲ್ಲ ಮೆಟ್ಟಿಲುಗಳ ವೇಗವನ್ನೂ ಬಹುಮಟ್ಟಿಗೆ ಆಳುವುದು ಉಷ್ಣತೆಯೇ.

ಬ್ಯುವೇರಿಯಾ, ಮೆಟಾರೈಜಿಯಂ ಮೊದಲಾದ ಬೂಷ್ಟುಗಳಲ್ಲಿ ಬಹುತೇಕ ತಳಿಗಳು ಸೆಂಟಿಗ್ರೇಡ್ ಮಾನದ 25 ರಿಂದ 28 ಡಿಗ್ರಿಗಳಲ್ಲಿ ಚೆನ್ನಾಗಿ ಬೆಳೆಯುವುವು. ಉಷ್ಣವು 15 ಡಿಗ್ರಿಯ ಕೆಳಗಿಳಿದರೆ ಬೆಳವಣಿಗೆಯು ತೀರ ಮಂದವಾಗುವುದು. 30 ಡಿಗ್ರಿಯನ್ನು ದಾಟಿದ ಬಳಿಕ ಹಲವು ತಳಿಗಳು ಕುಗ್ಗತೊಡಗುವುವು. 35 ಡಿಗ್ರಿಯ ಆಸುಪಾಸಿನಲ್ಲಿ ಬಹಳಷ್ಟು ನಿಂತೇ ಹೋಗುವುವು. ಮನುಷ್ಯನ ದೇಹದ ಸಹಜವಾದ ಉಷ್ಣವು ಸುಮಾರು 37 ಡಿಗ್ರಿಯಷ್ಟೇ. ಕೀಟವನ್ನು ತಿಂದುಹಾಕುವ ಈ ಬೂಷ್ಟುಗಳು ಬಿಸಿರಕ್ತದ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ನೆಲೆಗೊಳ್ಳಲಾರದಿರುವುದಕ್ಕೆ ಇದೂ ಒಂದು ಕಾರಣವು. ಅಂದಮೇಲೆ ಬಿಸಿಲಿಗೆ ಕಾದ ಎಲೆಯ ಮೇಲೆ ನಡುಹಗಲಲ್ಲಿ ಸಿಂಪಡಿಸಿದ ಪುಡಿಯ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಉಷ್ಣದ ಜತೆಗೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ತೀಕ್ಷ್ಣಕಿರಣಗಳು ಸಹ ಬೀಜಕಣಗಳನ್ನು ಕೆಲವೇ ತಾಸುಗಳಲ್ಲಿ ನಿರ್ಜೀವಗೊಳಿಸುವುವು.

ಇಷ್ಟಾದರೂ ವಿಚಾರವು ಮುಗಿಯಲಿಲ್ಲ. ಉಷ್ಣತೆಯು ಬೂಷ್ಟನ್ನು ಮಾತ್ರವಲ್ಲ, ಕೀಟದ ನಡತೆಯನ್ನೂ ತಿದ್ದುವುದೆಂಬುದನ್ನು ಮಿಡತೆಯ ದೃಷ್ಟಾಂತದಿಂದ ಅರಿಯಬೇಕು.

1986 ರಿಂದ 1989 ರ ವರೆಗೆ ಆಫ್ರಿಕ ಖಂಡದಲ್ಲಿ ಮರುಭೂಮಿಯ ಮಿಡತೆಗಳ ದಂಡು ಎದ್ದು, ಅದರ ನಿವಾರಣೆಗಾಗಿ ವಿಷೌಷಧಗಳನ್ನು ಬಹಳವಾಗಿ ಸುರಿಯಬೇಕಾಯಿತು. ಇದರಿಂದ ಎಚ್ಚೆತ್ತು, ವಿಷವಿಲ್ಲದ ಉಪಾಯವನ್ನು ಕಂಡುಹಿಡಿಯಲು 1989 ರಲ್ಲಿ ಲುಬಿಲೋಸಾ ಎಂಬ ಅಂತರರಾಷ್ಟ್ರೀಯ ಯೋಜನೆಯು ಆರಂಭವಾಯಿತು. ಅದರಲ್ಲಿ ತೊಡಗಿದ ವಿದ್ವಾಂಸರು ಮಿಡತೆಗಳಿಗೆ ಮಾತ್ರ ವಿಶೇಷವಾಗಿ ಹತ್ತುವ ಮೆಟಾರೈಜಿಯಂ ಜಾತಿಯ ಬೂಷ್ಟನ್ನು ಆರಿಸಿದರು. ನೈಜರ್ ಎಂಬ ಉಷ್ಣದೇಶದಲ್ಲಿ ದೊರೆತ ತಳಿಯಾದುದರಿಂದ ಅದು ಬೇರೆ ಅನೇಕ ತಳಿಗಳಿಗಿಂತ ಹೆಚ್ಚಿನ ಕಾವನ್ನು ತಾಳುವುದು. ಒಣಹವೆಯಲ್ಲಿಯೂ ಬೀಜಕಣಗಳು ಮೊಳೆಯಲೆಂದು ಅದನ್ನು ನೀರಿನಲ್ಲಿ ಕಲಸದೆ ಎಣ್ಣೆಯಲ್ಲಿ ಕಲಸಿದರು. ಒಂದು ಹೆಕ್ಟೇರಿಗೆ ಸುಮಾರು 50 ಗ್ರಾಮ್ ಬೀಜಕಣವು ಸಾಕಾಗುವುದೆಂದು ಗೊತ್ತಾಯಿತು. ಗ್ರೀನ್ ಮಸಲ್ ಎಂಬ ಹೆಸರಿನಿಂದ ಅದು ಬಳಕೆಗೆ ಬಂದಿತು.

ಪ್ರಯೋಗಶಾಲೆಯಲ್ಲಿ 30 ಡಿಗ್ರಿಯ ಸ್ಥಿರವಾದ ಉಷ್ಣದಲ್ಲಿಟ್ಟ ಮಿಡತೆಗಳು ಸುಮಾರು ಒಂದು ವಾರದಲ್ಲಿ ಸತ್ತವು. ಆದರೆ ಬಯಲಿನಲ್ಲಿ ಅವೇ ಮಿಡತೆಗಳು ಎರಡು, ಮೂರು ವಾರಗಳು, ಕೆಲವೆಡೆ ಅದಕ್ಕೂ ಹೆಚ್ಚು ಕಾಲ ಬದುಕಿದವು. ಇದೇನು ಸೋಜಿಗವೆಂದು ಶೋಧಿಸಿದಾಗ ಕಂಡ ರಹಸ್ಯವು ಹೀಗಿದೆ. ಮಿಡತೆಯ ಮೈಯಲ್ಲಿ ತನ್ನದೇ ಆದ ಕಾವು ಇಲ್ಲ; ಬೇಕಾದ ಕಾವನ್ನು ಅದು ಬಿಸಿಲಿನಿಂದ ಪಡೆಯುವುದು. ಆರೋಗ್ಯವಾಗಿರುವ ಮಿಡತೆಯು ಬಿಸಿಲು ಕಾಯಿಸಿ ತನ್ನ ಮೈಯನ್ನು ಸುಮಾರು 38 ರಿಂದ 40 ಡಿಗ್ರಿಯಲ್ಲಿಟ್ಟುಕೊಳ್ಳುವುದು. ಬೂಷ್ಟು ಹತ್ತಿದ ಮೇಲೆ ಅದು ಇನ್ನೂ ಹೆಚ್ಚು ಹೊತ್ತು ಬಿಸಿಲಿಗೆ ಮೈಯೊಡ್ಡಿ, 40 ಡಿಗ್ರಿಯನ್ನು ಮೀರಿಸಿ ಕಾವೇರಿಸಿಕೊಳ್ಳುವುದು. ಮನುಷ್ಯನ ದೇಹವು ರೋಗದೊಡನೆ ಹೋರಾಡುವಾಗ ಒಳಗಿನಿಂದ ಜ್ವರವನ್ನು ಹುಟ್ಟಿಸುವುದು. ಈ ಅಲ್ಪಪ್ರಾಣಿಯು ಅದೇ ಜ್ವರವನ್ನು ಸೂರ್ಯನಿಂದ ಸಾಲ ತರುವುದು!

ಆ ಕಾವಿನಲ್ಲಿ ಒಳಗಿನ ಬೂಷ್ಟು ಬೆಳೆಯಲಾರದು. ಆದರೆ ಸಾಯುವುದೂ ಇಲ್ಲ. ಬಿಸಿಲು ಇಳಿದು ಮಿಡತೆಯ ಮೈ ತಣ್ಣಗಾದೊಡನೆ ಅದು ನಿಂತಲ್ಲಿಂದ ಮುಂದಕ್ಕೆ ಕೆಲಸವನ್ನು ಹಿಡಿಯುವುದು. ರಾತ್ರಿಯು ಬಹಳ ತಣ್ಣಗಿದ್ದರೆ ಮತ್ತೆ ಮಂದವಾಗುವುದು. ಹೀಗೆ ಹಗಲಿನ ಅತಿಯುಷ್ಣಕ್ಕೂ ಇರುಳಿನ ಅತಿಶೈತ್ಯಕ್ಕೂ ನಡುವೆ ಸಿಕ್ಕುವ ಕೆಲವು ತಾಸುಗಳೇ ಬೂಷ್ಟಿಗೆ ದೊರೆಯುವ ಕಾಯಕದ ಸಮಯವು. ಬಿಸಿಲು ಯಥೇಚ್ಛವಾಗಿದ್ದರೆ ಕೆಲವು ಮಿಡತೆಗಳು ಮೊಟ್ಟೆಯಿಡುವ ವರೆಗೂ ಬಾಳುವುವು; ಮೋಡ ಮುಸುಕಿದರೆ ಬೇಗ ಮಡಿಯುವುವು. ಆದಕಾರಣ ವಿದ್ವಾಂಸರು ಆಯಾ ಪ್ರದೇಶದ ಹಗಲಿರುಳಿನ ಉಷ್ಣವನ್ನು ಗಣಿಸಿ, ಇಂಥಲ್ಲಿ ಇಷ್ಟು ದಿನಗಳಲ್ಲಿ ಮಿಡತೆಗಳು ಅಡಗುವುವೆಂದು ಮುಂಚಿತವಾಗಿ ಹೇಳುವ ಲೆಕ್ಕವನ್ನು ರಚಿಸಿರುವರು. ರೋಗ ತಗುಲಿದ ಮಿಡತೆಯು ಸಾಯುವುದಕ್ಕೆ ಮೊದಲೇ ಮೇಯುವುದನ್ನು ಕಡಿಮೆಮಾಡುವುದೆಂಬುದನ್ನೂ ಅವರು ಕಂಡರು. ಎಂದರೆ ಹೆಣಗಳನ್ನು ಎಣಿಸುವುದೊಂದೇ ಫಲವನ್ನು ಅಳೆಯುವ ರೀತಿಯಲ್ಲ. ಉಳಿದ ಎಲೆಯನ್ನೂ ನೋಡಬೇಕು.

ಈ ಲೆಕ್ಕವನ್ನು ಅರಿತು ಬಳಸಿದಲ್ಲಿ ಬೂಷ್ಟು ಕೈಬಿಡಲಿಲ್ಲ. ಆಸ್ಟ್ರೇಲಿಯದಲ್ಲಿ 2000 ದ ಆಚೀಚೆಯಿಂದ ಇದೇ ಜಾತಿಯ ಬೇರೊಂದು ತಳಿಯು ಮಿಡತೆಗಳ ಮೇಲೆ ಬಳಕೆಯಾಗುತ್ತಲಿದೆ. ಟಾಂಜಾನಿಯದಲ್ಲಿ 2009 ರಲ್ಲಿ ಕೆಂಪು ಮಿಡತೆಗಳು ಎದ್ದಾಗಲೂ, ಸೊಮಾಲಿಯದಲ್ಲಿ 2020 ರಲ್ಲಿ ಮರುಭೂಮಿಯ ಮಿಡತೆಗಳು ಕವಿದಾಗಲೂ ಈ ಬೂಷ್ಟನ್ನೇ ವಿಸ್ತಾರವಾದ ಪ್ರದೇಶಗಳಲ್ಲಿ ಪ್ರಯೋಗಿಸಿದರು.

ಈ ನಾಡಿನ ಹೊಲಗಳಿಗೂ ಇದೇ ನ್ಯಾಯವು ಅನ್ವಯಿಸುವುದು. ಧಾರವಾಡದ ಸೀಮೆಯಲ್ಲಿ ಮಘೆ, ಹುಬ್ಬೆ ಮಳೆಗಳ ಕಾಲಕ್ಕೆ ಸೊಯಾಬೀನು, ಶೇಂಗಾ ಹೊಲಗಳಲ್ಲಿ ನಡೆದಾಡಿದವರು, ಎಲೆಯ ಮೇಲೆ ಗಟ್ಟಿಯಾಗಿ ಅಂಟಿಕೊಂಡು ಸತ್ತ ಕೀಡೆಗಳನ್ನು ಕಂಡಿರಬಹುದು. ಅವು ಮೊದಲು ಬೆಳ್ಳಗಾಗಿ, ತರುವಾಯ ಮಾಸಲು ಹಸುರು ಹುಡಿಯನ್ನು ಹೊದೆಯುವುವು. ಇದು ನೊಮೂರಿಯಾ ರಿಲೈ ಎಂಬ ಬೂಷ್ಟಿನ ಕೆಲಸವು. 2014 ರಿಂದೀಚೆಗೆ ಪಂಡಿತರು ಇದನ್ನೂ ಮೆಟಾರೈಜಿಯಂ ವಂಶಕ್ಕೆ ಸೇರಿಸಿರುವರು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಈ ಬೂಷ್ಟನ್ನು ಧಾನ್ಯದ ಮೇಲೆ ಬೆಳೆಸಿ ಕೀಡೆಗಳ ಮೇಲೆ ಪ್ರಯೋಗಿಸುವ ಮಾರ್ಗವನ್ನು ತೋರಿಸಿಕೊಟ್ಟಿರುವರು. ಶ್ರಾವಣ ಭಾದ್ರಪದಗಳ ಮೋಡದ ದಿನಗಳಲ್ಲಿ ಹವೆಯು ತಂಪಾಗಿಯೂ ತೇವವಾಗಿಯೂ ಇರುವುದರಿಂದ ಅದು ತಾನಾಗಿಯೇ ಹಬ್ಬಬಲ್ಲದು. ಅದೇ ಬೂಷ್ಟನ್ನು 40 ಡಿಗ್ರಿಯನ್ನು ದಾಟುವ ರಾಯಚೂರು, ಕಲಬುರ್ಗಿಗಳ ವೈಶಾಖದ ಬಿಸಿಲಿನಲ್ಲಿ ಚೆಲ್ಲಿದರೆ ಫಲವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇದರಿಂದ ಒಕ್ಕಲಿಗನು ನೆನಪಿಡತಕ್ಕ ಮಾತುಗಳು ಬಹಳವಿಲ್ಲ. ಸಿಂಪರಣೆಯನ್ನು ಸಂಜೆಯ ತಂಪಿನಲ್ಲಿ ಮಾಡಬೇಕು. ಆಗ ಬೀಜಕಣಕ್ಕೆ ಇರುಳಿನ ತೇವವೆಲ್ಲ ಮೊಳೆಯುವುದಕ್ಕೆ ದೊರೆಯುವುದು. ಕೀಡೆಗಳು ಎಳೆಯವಾಗಿರುವಾಗಲೇ, ಎಲೆಯ ಅಡಿಬದಿಗೂ ತಾಗುವಂತೆ ಸಿಂಪಡಿಸಬೇಕು. ಬೆಳೆಯ ಬೂಷ್ಟುರೋಗಕ್ಕೆ ಹೊಡೆಯುವ ಔಷಧವನ್ನು ಇದರೊಡನೆ ಬೆರಸಲಾಗದು. ಏಕೆಂದರೆ ಆ ಔಷಧವು ಹಗೆಯ ಬೂಷ್ಟು ಯಾವುದು, ಮಿತ್ರನ ಬೂಷ್ಟು ಯಾವುದು ಎಂಬ ಭೇದವನ್ನು ಅರಿಯದು. ಮೂರನೆಯ ದಿನಕ್ಕೆ ನಿರಾಶನಾಗದೆ ಒಂದು ವಾರ, ಹತ್ತು ದಿನ ತಾಳಿ ನೋಡಬೇಕು.

ಪುಡಿಯನ್ನು ಕಾಪಾಡುವುದರಲ್ಲಿಯೂ ಉಷ್ಣದ ಎಚ್ಚರವಿರಬೇಕು. ಚೆನ್ನಾಗಿ ಒಣಗಿದ ಬೀಜಕಣವು ಕಾವನ್ನು ಹೆಚ್ಚಾಗಿ ತಾಳಿ ಬಹುಕಾಲ ಜೀವಂತವಾಗಿರುವುದು. ತೇವಾಂಶವುಳ್ಳದ್ದು ಬೇಗನೆ ಸಾಯುವುದು. ಹಸಿಕಾಳನ್ನು ಹಗೇವಿಗೆ ಸುರಿದರೆ ಏನಾಗುವುದೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಪೊಟ್ಟಣದಲ್ಲಿ ಪುಡಿಯ ತೂಕವು ಅಷ್ಟೇ ಇರುವುದು. ಬಣ್ಣವೂ ಮೊದಲಿನಂತೆಯೇ ಕಾಣಬಹುದು. ಒಳಗಿನ ಜೀವ ಮಾತ್ರ ಹೋಗಿರುವುದು. ಆದುದರಿಂದ ಕೊಳ್ಳುವಾಗ ತಯಾರಿಸಿದ ದಿನಾಂಕವನ್ನೂ ಅವಧಿಯನ್ನೂ ನೋಡಿ, ತಂದದ್ದನ್ನು ತಂಪಾದ ನೆಳಲಿನಲ್ಲಿಟ್ಟು, ತಡಮಾಡದೆ ಬಳಸಬೇಕು.

ಇನ್ನೊಂದು ಎಚ್ಚರಿಕೆಯನ್ನು ಮರೆಯಲಾಗದು. ಬ್ಯುವೇರಿಯಾ ಮೊದಲು ಗುರುತಿಸಲ್ಪಟ್ಟುದು ರೇಷ್ಮೆಹುಳುವಿನ ಹಗೆಯಾಗಿ. ಮಳೆಗಾಲ, ಚಳಿಗಾಲಗಳ ತಂಪು ಮತ್ತು ತೇವಗಳಲ್ಲಿಯೇ ಸುಣ್ಣಕಟ್ಟು ರೋಗವು ಹೆಚ್ಚು ಕಾಣುವುದು. ಸಾಕಣೆಯ ಮನೆಯಲ್ಲಿ ತಕ್ಕಷ್ಟು ಬೆಚ್ಚಗಿರಿಸಿ, ಹುಳುಗಳ ಹಾಸಿಗೆಯನ್ನು ಒಣಗಿಸಿ ಅದನ್ನು ತಡೆಯುವರು. ಹತ್ತಿರದಲ್ಲಿ ಹಿಪ್ಪುನೇರಳೆಯ ತೋಟವಾಗಲಿ ರೇಷ್ಮೆಯ ಸಾಕಣೆಯಾಗಲಿ ಇದ್ದರೆ ಈ ಬೂಷ್ಟನ್ನು ಸಿಂಪಡಿಸಲೇಕೂಡದು. ಕಾಯಿಕೊರಕನ ಬಾಧೆಯುಳ್ಳ ಕಾಫಿಯ ತೋಟದಲ್ಲಿ ಉಪಕಾರಿಯಾದ ಜೀವವೇ ರೇಷ್ಮೆಯ ಮನೆಯಲ್ಲಿ ಅಪಕಾರಿಯು. ಬೂಷ್ಟಿಗೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಅದನ್ನು ಬಳಸುವವನ ತಿಳಿವಿನಲ್ಲಿಯೇ ಎರಡೂ ಇರುವುವು.

ಇಲ್ಲಿ ಭಕ್ತರಲ್ಲಿ ಕೆಲವರಿಗೆ ಒಂದು ಸಂದೇಹವು ಬರುವುದು ಸಹಜ: “ದಯೆಯೇ ಧರ್ಮದ ಮೂಲವೆಂದು ನಂಬಿದವರು ಕೀಡೆಗೆ ರೋಗವನ್ನು ಹತ್ತಿಸುವುದು ಸರಿಯೇ?” ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಇದರಲ್ಲಿ ಹಿಂಸೆಯೇ ಇಲ್ಲವೆಂದು ಹೇಳುವುದು ಸತ್ಯವಾಗದು. ಆದರೆ ಬೆಳೆಯನ್ನು ಕಾಯದಿದ್ದರೆ ಮನೆಯ ಮಕ್ಕಳು ಹಸಿಯುವರು. ಕ್ರೂರವಿಷದಿಂದ ಕಾದರೆ ಕೀಡೆಯೊಡನೆ ಜೇನೂ, ಹಕ್ಕಿಯೂ, ಕೆರೆಯ ಮೀನೂ, ಕೆಲವು ಸಲ ಸಿಂಪಡಿಸುವ ಕೂಲಿಯವನೂ ನೋಯುವರು. ಕೇಡು ಎಷ್ಟು ಕಡಿಮೆಯಾದೀತೆಂದು ಅಳೆದು ನಡೆಯುವುದೇ ಸಂಸಾರಿಗೆ ಸಾಧ್ಯವಾದ ದಯೆಯು. ಆ ಅಳತೆಯಲ್ಲಿ, ತನ್ನ ಆಹಾರವಾದ ಕೀಟವನ್ನು ಆರಿಸಿ ಹಿಡಿಯುವ ಬೂಷ್ಟು ಎಲ್ಲವನ್ನೂ ಕೊಲ್ಲುವ ವಿಷಕ್ಕಿಂತ ಮೇಲು. ಆದರೆ ಅದನ್ನು ತಪ್ಪಿದ ಹೊತ್ತಿನಲ್ಲಿ ಬಳಸಿ, ಸೋತು, ಮತ್ತೆ ವಿಷಕ್ಕೆ ಕೈಹಾಕಿದರೆ ಆ ದಯೆಯೂ ವ್ಯರ್ಥವಾಗುವುದು. ಆದಕಾರಣ ಉಷ್ಣವನ್ನರಿಯುವುದು ಬರಿಯ ಜಾಣತನದ ಮಾತಲ್ಲ. ಧರ್ಮದ ಮಾತೂ ಆಗಿದೆ.

ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಪೂಜೆಗೆ ಹೊತ್ತುಂಟೆಂದು ಎಲ್ಲರೂ ಬಲ್ಲರು. ಹಾಗೆಯೇ ಕಾಯಕಕ್ಕೂ ಹೊತ್ತುಂಟು. ಇಪ್ಪತ್ತೈದು ವರ್ಷ ಒಂದೇ ಹುಳುವಿನ ರೋಗವನ್ನು ನೋಡುತ್ತ ಕುಳಿತ ಬಾಸಿಯ ತಾಳ್ಮೆಯಲ್ಲಿ ಹತ್ತು ದಿನಗಳಷ್ಟನ್ನು ಈ ನಾಡಿನ ಒಕ್ಕಲಿಗನು ತಂದುಕೊಂಡರೆ, ಸಂಜೆಯ ತಂಪಿನಲ್ಲಿ ಚೆಲ್ಲಿದ ಆ ಹಿಡಿ ಪುಡಿಯು ಅವನ ಹೊಲವನ್ನು ಕಾಯುವುದು. ಅವನ ಹೊಲವು ಈ ಮಠದ ದಾಸೋಹವನ್ನು ಕಾಯುವುದು. ಅಂಥ ತಿಳಿವನ್ನೂ ತಾಳ್ಮೆಯನ್ನೂ ಶ್ರೀಗುರುವು ಸರ್ವರಿಗೂ ಅನುಗ್ರಹಿಸಲೆಂದು ಪ್ರಾರ್ಥನೆಯು.